ಡಾಕ್ಟರು ಹೇಳಿದ್ದು, ನಾನು ಹೇಳಿದ್ದು

ಓಬಳೇಶನ ಮೊಣಕಾಲನ್ನು ಹಾಳು ಮಾಡಿದವನು ನಾನು. ಒದ್ದು ಮಾಡಲಿಲ್ಲ, ತಳ್ಳಿ ಮಾಡಲಿಲ್ಲ — ಡಾಕ್ಟರು ಹಿಂದಿಯಲ್ಲಿ ಹೇಳಿದ ನಾಲ್ಕು ಮಾತನ್ನು ಅವನಿಗೆ ಕನ್ನಡದಲ್ಲಿ ಹೇಳುವಾಗ ತಿರುಚಿ ಮಾಡಿದೆ. ಇದು ನಡೆದು ಇಪ್ಪತ್ತು ವರ್ಷವಾಯಿತು. ಇಷ್ಟು ವರ್ಷ ನಾನು ಈ ವಿಷಯದಲ್ಲಿ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ, ಹೆಂಡತಿಯ ಹತ್ತಿರ ಕೂಡ. ಹೋದ ತಿಂಗಳು ಹೇಳಿದೆ. ಮನಸ್ಸು ತಡೆಯದೆ ಹೇಳಿಬಿಟ್ಟೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ಹೇಳದೆ ಬೇರೆ ದಾರಿ ಇರಲಿಲ್ಲ, ಅದಕ್ಕೆ ಹೇಳಿದೆ.

ನನ್ನ ಹೆಸರು ಗೋವಿಂದ, ಊರು ರಾಯದುರ್ಗ. ಫುಟ್‌ಬಾಲ್ ಆಡಿ ಬದುಕಿದವನು. ಗೋವಾ, ಕೋಲ್ಕತ್ತಾ ಎಂದು ಬೇರೆ ಬೇರೆ ಕ್ಲಬ್ಬುಗಳಲ್ಲಿ ಹದಿನಾರು ವರ್ಷ ಮುಂದಿನ ಸಾಲಿನಲ್ಲಿ ಆಡಿದೆ. ಪೇಪರಿನಲ್ಲಿ ಫೋಟೋ ಬರುವಷ್ಟು ದೊಡ್ಡವನಾಗಲಿಲ್ಲ, ಮನೆ ಕಟ್ಟಿಸುವಷ್ಟಾದೆ. ಓಬಳೇಶ ಮಡಕಶಿರಾದ ಕಡೆಯವನು. ಅಲ್ಲಿಂದ ಹೇಮಾವತಿ ಎಂಬ ಊರಿಗೆ ಹೋಗುವ ದಾರಿಯಲ್ಲಿ ಅವನ ಹಳ್ಳಿ. ಅನಂತಪುರದ ಕ್ರೀಡಾ ಹಾಸ್ಟೆಲಿನಲ್ಲಿ ನಾವಿಬ್ಬರೂ ಐದು ವರ್ಷ ಒಂದೇ ಕೋಣೆಯಲ್ಲಿದ್ದೆವು. ಉಳಿದ ಹುಡುಗರೆಲ್ಲ ತೆಲುಗು, ನಮ್ಮದು ಕನ್ನಡ. ನಾನು ‘ಐತಿ’ ಅಂದರೆ ಅವನು ನಗುತ್ತಿದ್ದ, ಅವನು ‘ಐತೆ’ ಅಂದರೆ ನಾನು. ಅವನ ಎಡಗಾಲಿನಲ್ಲಿ ಏನಿತ್ತೋ — ನಾನು ಓಡಲು ಶುರು ಮಾಡುವ ಮೊದಲೇ ಚೆಂಡು ನಾನು ಹೋಗಿ ಮುಟ್ಟುವ ಜಾಗಕ್ಕೆ ಹೊರಟಿರುತ್ತಿತ್ತು. ನಾನು ಹಾಕಿದ ಗೋಲುಗಳಲ್ಲಿ ಮುಕ್ಕಾಲು ಪಾಲು ಅವನು ತಟ್ಟೆಯಲ್ಲಿಟ್ಟು ಕೊಟ್ಟದ್ದು. ಇದನ್ನು ನಾನು ಆಗಲೂ ತಿಳಿದಿದ್ದೆ. ನನ್ನ ಪಾಪದ ಬೇರು ಇದೇ.

ನಮಗೆ ಹದಿನೆಂಟು. ಉತ್ತರದ ಒಂದು ಊರಿನಲ್ಲಿ ಹಾಸ್ಟೆಲ್ ತಂಡಗಳ ಪಂದ್ಯಾವಳಿ. ಸೆಮಿಫೈನಲ್ ಮುಗಿಯಲು ಹತ್ತು ನಿಮಿಷ ಇರುವಾಗ ಓಬಳೇಶ ಚೆಂಡು ಹಿಡಿದು ತಿರುಗಿದ, ಪಾದ ನೆಲಕ್ಕೆ ಕಚ್ಚಿಕೊಂಡಿತು, ಮೈ ಮಾತ್ರ ತಿರುಗಿತು. ಬಲ ಮೊಣಕಾಲಿನೊಳಗೆ ಟಪ್ ಎಂದಿತು ಎಂದು ಆಮೇಲೆ ಹೇಳಿದ. ನಾವು ಗೆದ್ದೆವು. ಮಾರನೆಯ ದಿನವೇ ಫೈನಲ್. ಅದನ್ನು ನೋಡಲು ಎರಡು ಕ್ಲಬ್ಬುಗಳಿಂದ ಜನ ಬರುತ್ತಾರೆ ಎಂಬ ಮಾತು ಬೆಳಗಿನಿಂದ ಎಲ್ಲರ ಬಾಯಲ್ಲೂ ಓಡಾಡುತ್ತಿತ್ತು.

ಕೋಚ್ ಸರ್ ಫೈನಲಿನ ಮೀಟಿಂಗಿಗೆ ಹೋಗಬೇಕಿತ್ತು. ಓಬಳೇಶನನ್ನು ಮೈದಾನದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಹಿಂದಿ ಬರುವವರು ಬೇಕಿತ್ತು, ತಂಡದಲ್ಲಿ ಅಂಥವರು ಇಬ್ಬರೇ. ಒಬ್ಬ ಗೋಲ್‌ಕೀಪರ್, ಅವನು ಸ್ನಾನಕ್ಕೆ ಹೋಗಿದ್ದ. ಇನ್ನೊಬ್ಬ ನಾನು. ಅವನು ಇನ್ನೊಂದು ಐದು ನಿಮಿಷ ತಡವಾಗಿ ನೀರಿಗೆ ಇಳಿದಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ. ಹಾಗೆ ಅಂದುಕೊಳ್ಳುವುದೂ ಒಂದು ನಾಚಿಕೆಗೇಡಿತನ. ಸ್ನಾನಕ್ಕೆ ಹೋದವನ ತಪ್ಪೇನು.

ನನಗೆ ಹಿಂದಿ ಬಂದದ್ದು ಓದಿನಿಂದಲ್ಲ. ನಮ್ಮಪ್ಪ ಜೀನ್ಸ್ ಹೊಲಿಯುವವರು. ಬಟ್ಟೆಯ ಥಾನುಗಳು ಉತ್ತರದಿಂದ ಬರುತ್ತಿದ್ದವು, ಅಂಗಡಿಯ ಗುಮಾಸ್ತರೂ ಆ ಕಡೆಯವರೇ. ಹೊಲಿದ ಕಟ್ಟುಗಳನ್ನು ಸೈಕಲ್ಲಿನಲ್ಲಿ ಅಂಗಡಿಗೆ ಒಯ್ಯುವುದು, ಅವರು ಅಂದದ್ದನ್ನು ಮನೆಗೆ ತಂದು ಹೇಳುವುದು ನನ್ನ ಕೆಲಸ. ಗುಮಾಸ್ತ ಕಟ್ಟು ಬಿಚ್ಚಿ, ‘ಏನು ದರಿದ್ರ ಹೊಲಿಗೆ, ನಿಮ್ಮಪ್ಪನಿಗೆ ಕಣ್ಣಿಲ್ಲವಾ’ ಎನ್ನುತ್ತಿದ್ದ. ನಾನು ಮನೆಗೆ ಬಂದು, ‘ಚೊಲೊ ಐತಂತ, ಜೇಬಿನ ಹತ್ರ ಸ್ವಲ್ಪ ನೋಡಿ ಹೊಲಿ ಅಂದ್ರು’ ಎನ್ನುತ್ತಿದ್ದೆ. ಅಪ್ಪ ಬೈದದ್ದನ್ನೂ ಅಲ್ಲಿಗೆ ಹೀಗೆಯೇ ತೊಳೆದು ಒಯ್ಯುತ್ತಿದ್ದೆ. ನಮ್ಮ ಬೀದಿಯಲ್ಲಿ ಹೊಲಿಯುವವರಿಗೂ ಅಂಗಡಿಯವರಿಗೂ ನಡುವೆ ಓಡಾಡುವ ಎಲ್ಲ ಹುಡುಗರೂ ಮಾಡುತ್ತಿದ್ದದ್ದು ಇದನ್ನೇ. ಬಂದ ಮಾತನ್ನು ಬಂದಹಾಗೇ ಒಯ್ದವನಿಗೆ ಎರಡೂ ಕಡೆ ಬೈಗುಳ. ನಯ ಮಾಡಿ ಒಯ್ದವನು ಜಾಣ. ನಾನು ಜಾಣ ಎಂದು ಹೆಸರಾಗಿದ್ದೆ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಆ ದಿನ ನನ್ನ ನಾಲಿಗೆ ಒಂದಿಷ್ಟೂ ತೊದಲಲಿಲ್ಲವಲ್ಲ, ಅದು ಯಾಕೆ ಎಂದು ಹುಡುಕಿದಾಗ ಸಿಕ್ಕಿದ್ದು ಇಷ್ಟು.

ಮೈದಾನದ ಮೂಲೆಯಲ್ಲಿ ಶಾಮಿಯಾನದ ಕೆಳಗೆ ಒಬ್ಬ ವಯಸ್ಸಾದ ಡಾಕ್ಟರು ಕೂತಿದ್ದರು. ಓಬಳೇಶನನ್ನು ಮಲಗಿಸಿ, ಮೊಣಕಾಲು ಮಡಿಸಿ, ಕಣಕಾಲನ್ನು ಮುಂದಕ್ಕೆ ಎಳೆದರು. ಇನ್ನೊಂದು ಕಾಲನ್ನೂ ಹಾಗೆಯೇ ಎಳೆದು ನೋಡಿದರು. ಮತ್ತೆ ಮೊದಲನೆಯದು. ಆಮೇಲೆ ನನ್ನ ಕಡೆ ತಿರುಗಿ, ನನಗೆ ಅರ್ಥವಾಗಲಿ ಎಂದು ನಿಧಾನವಾಗಿ ಹೇಳಿದರು — ಒಳಗಿನ ಲಿಗಮೆಂಟ್ ಹರಿದಿದೆ. ಇವನು ಆಡಬಾರದು, ನಾಳೆಯಂತೂ ಕಾಲು ಕೆಳಗಿಡಬಾರದು. ಊರಿಗೆ ಹೋಗಿ ಆಪರೇಶನ್ ಮಾಡಿಸಿದರೆ ವರ್ಷದೊಳಗೆ ಮತ್ತೆ ಮೊದಲಿನ ಹಾಗೆ ಆಡುತ್ತಾನೆ. ಈಗ ಆಡಿದರೆ ಉಳಿದದ್ದೂ ಹೋಗುತ್ತದೆ. ಇಷ್ಟು ಹೇಳಿ ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದು, ಕೋಚಿಗೆ ಕೊಡು ಎಂದು ನನ್ನ ಕೈಗೆ ಕೊಟ್ಟರು.

ಓಬಳೇಶ ಮೊಣಕೈ ಊರಿ ಎದ್ದು ಕೂತಿದ್ದ. ಅವನ ಕಣ್ಣು ನನ್ನ ಬಾಯಿಯ ಮೇಲೆ.

“ಏನಂದ್ರಲಾ?”

“ಏನಿಲ್ಲಂತ. ಉಳುಕೈತಂತ. ಬಿಗಿಯಾಗಿ ಕಟ್ಕೊಂಡು ಆಡಬೌದಂತ.”

ಅಷ್ಟೇ. ಮೂರು ಮಾತು. ಯೋಚನೆ ಮಾಡಿ ಹೇಳಿದೆನೇ ಎಂದರೆ — ಇಲ್ಲ ಎನ್ನಲಾರೆ. ಡಾಕ್ಟರು ಚೀಟಿ ಬರೆಯುತ್ತಿದ್ದಷ್ಟು ಹೊತ್ತು ಒಂದೇ ಯೋಚನೆ ನನ್ನ ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು: ನಾಳೆ ಇವನಿಲ್ಲದಿದ್ದರೆ ನನಗೆ ಚೆಂಡು ಕೊಡುವವರು ಯಾರು, ಚೆಂಡು ಬರದ ನನ್ನನ್ನು ಆ ಕ್ಲಬ್ಬಿನವರು ಯಾಕೆ ನೋಡುತ್ತಾರೆ. ಅವನ ಮೇಲೆ ನನಗೆ ಹೊಟ್ಟೆಕಿಚ್ಚು ಇರಲಿಲ್ಲ. ಇದ್ದಿದ್ದರೆ ಅವನನ್ನು ಹೊರಗೆ ಕೂರಿಸಿ ಖುಷಿಪಡುತ್ತಿದ್ದೆ. ಅವನು ನನಗೆ ಬೇಕಾಗಿದ್ದ, ಇನ್ನೊಂದೇ ಒಂದು ಪಂದ್ಯಕ್ಕೆ.

ಓಬಳೇಶ ಮಗುವಿನಂತೆ ನಕ್ಕ. ಡಾಕ್ಟರಿಗೆ ಕೈಮುಗಿದ. ಅವನು ಇಷ್ಟೊಂದು ಸಂತೋಷದಿಂದ ಕೈಮುಗಿಯುವುದನ್ನು ಕಂಡು ಆ ಮುದುಕರಿಗೆ ಏನನ್ನಿಸಿತೋ, ಪಾಪ ಎಂಬಂತೆ ಅವನ ಬೆನ್ನು ತಟ್ಟಿದರು. ಕೋಚ್ ಸರ್‌ಗೆ ಉಳುಕು ಎಂದೇ ಹೇಳಿದೆ. ಚೀಟಿಯನ್ನು ಹರಿದು ಚರಂಡಿಗೆ ಹಾಕಿದೆ. ಬೆಳಿಗ್ಗೆ ಅವನ ಮೊಣಕಾಲಿಗೆ ಕ್ರೇಪ್ ಬ್ಯಾಂಡೇಜನ್ನು ನಾನೇ ಕೂತು ಕಟ್ಟಿದೆ, ಬಹಳ ಕಾಳಜಿಯಿಂದ.

ಫೈನಲಿನ ಬಗ್ಗೆ ಹೆಚ್ಚು ಬರೆಯಲಾರೆ. ಮೊದಲರ್ಧದಲ್ಲಿ ಅವನು ಕುಂಟುತ್ತಲೇ ಮಧ್ಯದಲ್ಲಿ ನಿಂತು ಆಡಿದ. ಓಡಲಾರ, ಆದರೆ ಎಡಗಾಲಿಗೆ ಚೆಂಡು ಸಿಕ್ಕರೆ ಸಾಕಿತ್ತು. ಮೂವತ್ತನೆಯ ನಿಮಿಷದಲ್ಲಿ ಇಬ್ಬರ ನಡುವೆ ಒಂದು ಚೆಂಡು ತೂರಿಸಿ ಕೊಟ್ಟ. ಗೋಲು ಹಾಕಿದೆ. ದ್ವಿತೀಯಾರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಯಾರೂ ಹತ್ತಿರವಿಲ್ಲದ ಜಾಗದಲ್ಲಿ ಅವನು ಕುಸಿದು ಬಿದ್ದ. ಅವನನ್ನು ಹೊತ್ತುಕೊಂಡು ಹೋಗುವಾಗ ನನ್ನ ಕಡೆ ತಿರುಗಿ, “ಆಡ್ಲಾ, ಆಡು” ಎಂದ. ನಾನು ಆಡಿದೆ. ಸಂಜೆ ಒಬ್ಬರು ಬಂದು ನನ್ನ ಹೆಸರು, ಊರು, ವಯಸ್ಸು ಬರೆದುಕೊಂಡು ಹೋದರು.

ಅವನು ಆಮೇಲೆ ಆಡಲಿಲ್ಲ. ಊರಿನಲ್ಲಿ ಎಣ್ಣೆ ಹಚ್ಚಿ, ಬಿದಿರು ದಬ್ಬೆ ಇಟ್ಟು ಕಟ್ಟಿದರು. ಮೊಣಕಾಲು ಅರ್ಧ ಮಡಿಸುವಷ್ಟಕ್ಕೆ ನಿಂತುಹೋಯಿತು. ನೇಮಕಲ್ಲಿನ ಆಂಜನೇಯನಿಗೆ ಅವರಮ್ಮ ಹರಕೆ ಹೊತ್ತು ಎಷ್ಟೋ ವರ್ಷ ಬಂದು ಹೋದರು. ಬಂದಾಗಲೆಲ್ಲ ರಾಯದುರ್ಗದ ನಮ್ಮ ಮನೆಯಲ್ಲೇ ಊಟ. ನಾನು ರಜೆಗೆ ಬಂದಿದ್ದಾಗ ಒಂದು ಸಲ ಅವರ ಎಲೆಗೆ ಬಡಿಸಿದ್ದೇನೆ. “ನೀನಾನಾ ಚೆನ್ನಾಗಾದೆಯಲ್ಲಪ್ಪ” ಎಂದಿದ್ದರು. ನೀನಾದರೂ ಚೆನ್ನಾದೆಯಲ್ಲ ಎಂದು. ಅನ್ನದ ಸೌಟು ಕೈಯಲ್ಲೇ ಇತ್ತು, ನಾನು ಇನ್ನೊಂದು ಸ್ವಲ್ಪ ಬಡಿಸಲಾ ಎಂದು ಕೇಳಿದೆ.

ಓಬಳೇಶ ಹಿಪ್ಪುನೇರಳೆ ಹಾಕಿ ರೇಷ್ಮೆಹುಳ ಸಾಕಿದ. ಮದುವೆಯಾದ. ಅವನ ಹುಳದ ಮನೆಯನ್ನು ನೀವು ನೋಡಬೇಕು. ಬೇರೆಯವರು ನೆಲದ ಹತ್ತಿರದಿಂದಲೇ ತಟ್ಟೆ ಜೋಡಿಸಿಕೊಂಡು ಬರುತ್ತಾರೆ. ಅವನಿಗೆ ಕುಕ್ಕರಗಾಲಿನಲ್ಲಿ ಕೂರಲು ಆಗುವುದಿಲ್ಲ, ಹಾಗಾಗಿ ಎಲ್ಲವೂ ಸೊಂಟದಿಂದ ಮೇಲೆ. ಸೊಂಟದ ಕೆಳಗಿನ ಜಾಗವೆಲ್ಲ ಖಾಲಿ. ಬರಬೇಕಾದ ಬೆಳೆಯಲ್ಲಿ ಅಷ್ಟು ಖೋತಾ. ಮೊದಲ ಸಲ ಅದನ್ನು ನೋಡಿದಾಗ ನಾನು ಎಲೆ ತಿನ್ನುವ ಹುಳಗಳ ಸದ್ದು ಕೇಳುತ್ತಿರುವವನ ಹಾಗೆ ಸುಮ್ಮನೆ ನಿಂತಿದ್ದೆ. ಅವನು ಬೆನ್ನು ತಟ್ಟಿ, “ಯಾಕ್ಲಾ ಮೋರೆ ಇಂಗ್ ಮಾಡ್ಕಂಡಿದ್ದೀಯ? ನನ್ ತಪ್ಪಿಗೆ ನೀನ್ಯಾಕೆ ಅಳ್ತೀಯ?” ಎಂದ.

ಅವನ ತಪ್ಪು. ಅವನು ನಂಬಿಕೊಂಡಿದ್ದದ್ದು ಏನು ಗೊತ್ತೇ — ನಾನು ಕಟ್ಟಿದ ಬ್ಯಾಂಡೇಜನ್ನು ಅವನು ಇಂಟರ್ವಲ್‌ನಲ್ಲಿ ಕಡಿತ ತಾಳಲಾರದೆ ಸ್ವಲ್ಪ ಸಡಿಲ ಮಾಡಿಕೊಂಡಿದ್ದನಂತೆ. ಡಾಕ್ಟರು ಬಿಗಿಯಾಗಿ ಕಟ್ಟಿಕೊಳ್ಳಬೇಕು ಎಂದಿದ್ದರಲ್ಲ. ಅವನು ಸಡಿಲ ಮಾಡಿದ, ಕಾಲು ಹೋಯಿತು. ಈ ಕಥೆಯನ್ನು ಅವನು ಹೆಂಡತಿಗೆ ಹೇಳಿದ್ದ, ಬೀಗರಿಗೆ ಹೇಳಿದ್ದ, ನನ್ನ ಎದುರಿಗೇ ಎಷ್ಟೋ ಸಲ ಹೇಳಿದ್ದ. ಪ್ರತಿಸಲವೂ ಕೊನೆಗೆ, “ಇವ್ನು ಚೆನ್ನಾಗೇ ಕಟ್ಟಿದ್ದ” ಎಂದು ನನ್ನ ಹೆಗಲ ಮೇಲೆ ಕೈ ಹಾಕುತ್ತಿದ್ದ. ಡಾಕ್ಟರು ಹೇಳದ ಮಾತಿಗೆ ತಾನು ತಪ್ಪಿ ನಡೆದೆ ಎಂದು ಇಪ್ಪತ್ತು ವರ್ಷ ತನ್ನನ್ನೇ ಬೈದುಕೊಂಡ. ನಾನು ಕೇಳಿಸಿಕೊಂಡು ತಲೆಯಾಡಿಸಿದೆ. ಮೊದಲ ಸುಳ್ಳನ್ನು ಒಂದು ಕ್ಷಣದಲ್ಲಿ ಹೇಳಿದೆ ಎಂದಾದರೂ ಅನ್ನಬಹುದು. ಈ ತಲೆಯಾಡಿಸುವಿಕೆಗೆ ನನ್ನ ಹತ್ತಿರ ಯಾವ ನೆಪವೂ ಇಲ್ಲ.

ಮೂವತ್ತೈದು ದಾಟಿದ ಮೇಲೆ ಕಾಲುಗಳು ಸಾಕು ಎಂದವು. ಆಡುವುದು ಬಿಟ್ಟವನಿಗೆ ಬೆಳಿಗ್ಗೆ ಎದ್ದರೆ ಏನು ಮಾಡಬೇಕೆಂದೇ ಗೊತ್ತಾಗುವುದಿಲ್ಲ. ಅಪ್ಪನ ಹೊಲಿಗೆ ಮಿಷನ್ನಿನ ಮುಂದೆ ಒಂದೆರಡು ತಿಂಗಳು ಕೂತೆ. ಹೊಲಿಗೆ ಸೊಟ್ಟ ಹೋಗುತ್ತಿತ್ತು, ಅಪ್ಪ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ಆಗ ರಾಯದುರ್ಗದಿಂದ ಗುಮ್ಮಘಟ್ಟದ ಕಡೆ ಹೋಗುವ ರಸ್ತೆಯಲ್ಲಿ ಹುಡುಗ ಹುಡುಗಿಯರಿಗೆ ಅಂತ ಒಂದು ವಸತಿ ಫುಟ್‌ಬಾಲ್ ಕೇಂದ್ರ ಶುರುವಾಗಿತ್ತು. ಅಲ್ಲಿಂದ ಕರೆ ಬಂತು. ಮೈದಾನದಲ್ಲಿ ಆಟ ಕಲಿಸುವ ಕೋಚುಗಳು ಬೇರೆ ಇದ್ದರು. ನನ್ನದು ಆಟಗಾರರನ್ನು ಬೆಳೆಸುವ ಕೋಚ್ ಎಂಬ ಕೆಲಸ. ಯಾವ ಮಗು ಊಟ ಬಿಟ್ಟಿದೆ, ಯಾರ ಓದು ಹಿಂದೆ ಬಿದ್ದಿದೆ, ಯಾರಿಗೆ ಮನೆಯ ಚಿಂತೆ, ಯಾರು ನೋವನ್ನು ಮುಚ್ಚಿಟ್ಟುಕೊಂಡು ಆಡುತ್ತಿದ್ದಾರೆ — ಇದನ್ನೆಲ್ಲ ನೋಡಿಕೊಳ್ಳಬೇಕು. ಡಾಕ್ಟರು ಬಂದಾಗ ಅವರಿಗೂ ಮಕ್ಕಳ ತಂದೆತಾಯಿಗೂ ನಡುವೆ ನಿಂತು ಮಾತು ತಿಳಿಸಬೇಕು.

“ಕನ್ನಡ, ತೆಲುಗು, ಹಿಂದಿ, ಇಂಗ್ಲಿಷು ಎಲ್ಲ ಬರುವ ಆಟಗಾರ ನಮಗೆ ಇನ್ನೆಲ್ಲಿ ಸಿಗಬೇಕ್ರಿ?” ಎಂದರು ಕೇಂದ್ರದ ಮುಖ್ಯಸ್ಥರು.

ಬೇಡ ಎನ್ನಬಹುದಿತ್ತು. ಹೂಂ ಎಂದೆ. ಇಲ್ಲಿ ಸರಿಯಾಗಿ ಕೆಲಸ ಮಾಡಿದರೆ ಹಳೆಯದು ಸ್ವಲ್ಪ ಸ್ವಲ್ಪವೇ ತೀರುತ್ತದೆ ಎಂದು ಒಳಗೊಳಗೇ ಅಂದುಕೊಂಡೆ. ಎಷ್ಟು ಅಗ್ಗದ ಲೆಕ್ಕಾಚಾರ — ಯಾರಿಗೋ ಮಾಡಿದ್ದನ್ನು ಇನ್ಯಾರಿಗೋ ತೀರಿಸುವುದು. ಆದರೂ ಎರಡು ವರ್ಷ ಡಾಕ್ಟರು ಹೇಳಿದ ಒಂದಕ್ಷರವನ್ನೂ ನಾನು ಬಿಡಲಿಲ್ಲ, ಸೇರಿಸಲಿಲ್ಲ. ತಾಯಂದಿರು ಅತ್ತರೂ ನಯ ಮಾಡಲಿಲ್ಲ. ಗೋವಿಂದ ಸರ್ ಸ್ವಲ್ಪ ಒರಟು ಎಂದು ಹೆಸರು ಬಂತು. ಆ ಹೆಸರು ಕೇಳಿದರೆ ನನಗೆ ಒಂದು ಥರ ಸಮಾಧಾನವಾಗುತ್ತಿತ್ತು.

ಓಬಳೇಶ ತನ್ನ ಮಗಳು ಲಾವಣ್ಯಳನ್ನು ಕರೆತಂದು ಸೇರಿಸಿದ್ದು ಹೋದ ವರ್ಷ. ಹದಿನೈದರ ಹುಡುಗಿ. ನಾನು ಇದ್ದೇನೆ ಎಂಬ ಒಂದೇ ಧೈರ್ಯದಿಂದ ಅವಳನ್ನು ಅಷ್ಟು ದೂರ ಬಿಟ್ಟ. ಮೊದಲ ದಿನ ಅವಳು ಚೆಂಡು ತಳ್ಳಿದ್ದನ್ನು ನೋಡಿ ನಾನು ಮೈದಾನದ ಅಂಚಿನಲ್ಲಿ ಕೂತುಬಿಟ್ಟೆ. ಅದೇ ಎಡಗಾಲು. ಮುಂದಿನವಳು ಓಡುವ ಮೊದಲೇ ಚೆಂಡು ಹೊರಟಿರುತ್ತದೆ.

ಹೋದ ತಿಂಗಳು ಅಭ್ಯಾಸದಲ್ಲಿ ಅವಳು ತಿರುಗಿದಳು, ಬಿದ್ದಳು. ಬಳ್ಳಾರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆ. ಕೇಂದ್ರಕ್ಕೆ ಹದಿನೈದು ದಿನಕ್ಕೊಮ್ಮೆ ಮೊಣಕಾಲಿನ ಡಾಕ್ಟರೊಬ್ಬರು ಬರುತ್ತಾರೆ; ಒಡಿಶಾದ ಹೆಣ್ಣುಮಗಳು, ಹಿಂದಿ ಇಂಗ್ಲಿಷು ಬಿಟ್ಟರೆ ನಮ್ಮ ಭಾಷೆ ಬಾರದು. ಅವರು ಬರುವ ದಿನಕ್ಕೆ ಸರಿಯಾಗಿ ಓಬಳೇಶ ಪಾವಗಡ, ಕಲ್ಯಾಣದುರ್ಗ ದಾಟಿ ಮೂರು ಬಸ್ಸು ಬದಲಿಸಿ ಬಂದ. ಡಾಕ್ಟರು ಸ್ಕ್ಯಾನ್ ನೋಡಿ ಹೇಳಿದ್ದನ್ನು ನಾನು ಅಪ್ಪ ಮಗಳಿಬ್ಬರಿಗೂ ಹೇಳಿದೆ — ಲಿಗಮೆಂಟ್ ಹರಿದಿದೆ, ಆಪರೇಶನ್ ಮಾಡಿಸಬೇಕು, ಒಂಬತ್ತು ತಿಂಗಳು ಆಡಬಾರದು. ಆಮೇಲೆ ಪೂರ್ತಿ ಆಡಬಹುದು. ಮಧ್ಯೆ ಆಡಿದರೆ ಮೊಣಕಾಲು ಹೋದ ಹಾಗೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ಹುಡುಗಿ ಅತ್ತಳು. ಓಬಳೇಶ ನನ್ನ ತೋಳು ಹಿಡಿದು ಹೊರಗೆ, ನೀರಿನ ಟ್ಯಾಂಕಿನ ಹತ್ತಿರ ಕರೆದುಕೊಂಡು ಹೋದ.

ಆ ಭಾನುವಾರ ಅನಂತಪುರದಲ್ಲಿ ರಾಜ್ಯದ ಹುಡುಗಿಯರ ತಂಡಕ್ಕೆ ಆಯ್ಕೆ ಇತ್ತು.

“ಊತ ಎಲ್ಲಾ ಇಳಿದೋಗೈತೆ” ಎಂದ. “ಬೆಳಗ್ಗೆ ನನ್ ಮುಂದೇನೇ ಮೆಟ್ಲು ಅತ್ತಿ ಇಳಿದ್ಲು. ಭಾನುವಾರ ಒಂದಿನ ಆಡ್ಲಿ. ಆಮ್ಯಾಕೆ ಆಪರೇಸನ್ನೋ ಏನೋ ನೋಡಾನ.”

ಸಾಧ್ಯವೇ ಇಲ್ಲ ಎಂದೆ. ಕೇಂದ್ರದಿಂದ ಕಳಿಸುವುದಿಲ್ಲ ಎಂದೆ.

“ನೀವು ಕಳಿಸ್ಬ್ಯಾಡ್ರಿ. ನಾನೇ ಕರ್ಕಂಡೋಗ್ತೀನಿ. ಅಲ್ಲಿ ಯಾರ್ ಬೇಕಾದ್ರೂ ಓಗಿ ನಿಂತ್ಕಬೋದು.” ಅದು ನಿಜವಾಗಿತ್ತು. ತಡೆಯುವ ಅಧಿಕಾರ ನನಗಿರಲಿಲ್ಲ.

“ಡಾಕ್ಟರು ಅಷ್ಟು ಸ್ಪಷ್ಟ ಹೇಳ್ಯಾರಲ್ಲೋ.”

ಅವನು ನಕ್ಕ. “ಡಾಕ್ಟ್ರು ಯೋಳಿದ್ದಕ್ಕೆ ಏನ್ಲಾ ಬೆಲೆ? ಅವತ್ತು ಆ ಡಾಕ್ಟ್ರು ಏನಿಲ್ಲ ಅಂದ್ರು, ನನ್ ಕಾಲು ಓಯ್ತು. ಇವತ್ತು ಈಯಮ್ಮ ಓಯ್ತು ಅಂತವ್ರೆ, ನನ್ ಮಗಳು ಓಡಾಡ್ತವ್ಳೆ. ಅವ್ರಿಗೆ ಗೊತ್ತಾಗಾದು ಇಷ್ಟೇ ಕಣಲಾ.” ಆಮೇಲೆ ದನಿ ತಗ್ಗಿಸಿ, “ನೀನ್ ಒಳಿಕ್ಕೋಗಿ ಅವಳಿಗೆ ಒಂದ್ ಮಾತ್ ಯೋಳು. ಏನಿಲ್ಲ, ಕಟ್ಕಂಡು ಆಡ್ಬೋದು ಅನ್ನು. ನನ್ ಮಾತ್ಗಿಂತ ನಿನ್ ಮಾತಿಗೆ ಧೈರ್ಯ ಜಾಸ್ತಿ ಬತ್ತದೆ ಅವಳಿಗೆ. ಅವತ್ತು ನೀನು ಅಂಗಂದಿದ್ದಕ್ಕೇ ಅಲ್ವೇನ್ಲಾ ನಾನು ಆಡಿದ್ದು? ಆ ಒಂದಿನ ಇಲ್ದೆ ಓಗಿದ್ರೆ ನನ್ ಬದುಕ್ನಾಗೆ ಯೋಳ್ಕಣಾಕೆ ಏನಿತ್ತು? ಕಟ್ಟು ಬಿಗಿಯಾಗಿ ನಾನೇ ಕಟ್ತೀನಿ ಈ ಸಲ. ಬಿಚ್ಚಾಕೆ ಬಿಡಲ್ಲ.”

ಅವನ ಮುಖದಲ್ಲಿ ಎಷ್ಟು ಆಸೆ ಇತ್ತೆಂದರೆ ನನಗೆ ನೋಡಲಾಗಲಿಲ್ಲ. ಸ್ಕ್ಯಾನಿನ ಚಿತ್ರ ತಂದು ತೋರಿಸಿದೆ. ಅವನಿಗೆ ಅದು ಬರೀ ಕಪ್ಪು ಬಿಳುಪು. ಇಂಥ ಕಾಲಿನಲ್ಲಿ ಆಡಿ ಹಾಳಾದವರ ಹೆಸರು ಹೇಳಿದೆ. ಉಳಿದವರೂ ಇರುತ್ತಾರೆ ಎಂದ. ಕೈಮುಗಿದೆ. ಯಾಕ್ಲಾ ಹೆಂಗಸರ ಥರ ಆಡುತ್ತೀ ಎಂದ. ಏನು ಹೇಳಿದರೂ ಕೊನೆಗೆ ಅವನು ಬಂದು ನಿಲ್ಲುತ್ತಿದ್ದದ್ದು ಆ ಮುದುಕ ಡಾಕ್ಟರ ಹತ್ತಿರ, ನಾನು ಅವರ ಬಾಯಿಗೆ ತುರುಕಿದ ಮಾತಿನ ಹತ್ತಿರ. ಅದನ್ನು ಕಿತ್ತುಹಾಕದೆ ಇವನು ಈ ಡಾಕ್ಟರನ್ನು ನಂಬುವುದಿಲ್ಲ. ಕಿತ್ತುಹಾಕಿದರೆ ನನ್ನನ್ನು ನಂಬುವುದಿಲ್ಲ. ಒಳಗೆ ಹುಡುಗಿ ಕಣ್ಣೊರೆಸಿಕೊಂಡು ಕಿಟಕಿಯಿಂದ ನಮ್ಮಿಬ್ಬರನ್ನೇ ನೋಡುತ್ತಿದ್ದಳು. ನನಗೆ ಬೇರೇನೂ ತೋಚಲಿಲ್ಲ.

“ಓಬಳೇಶ” ಎಂದೆ. “ಆ ಡಾಕ್ಟರು ಏನಿಲ್ಲ ಅಂದಿದ್ದಿಲ್ಲ. ಅಂದಾಂವ ನಾನು.”

ಅವನು ತಮಾಷೆ ಎಂದುಕೊಂಡ. ಆಮೇಲೆ ಅಲ್ಲ ಎಂದು ಗೊತ್ತಾಯಿತು. ನಾನು ಎಲ್ಲ ಹೇಳಿದೆ. ಕಣಕಾಲು ಎಳೆದದ್ದು, ಚೀಟಿ, ಚರಂಡಿ, ಕ್ಲಬ್ಬಿನವರು, ನನಗೆ ಚೆಂಡು ಬೇಕಾಗಿದ್ದದ್ದು. ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಿದ್ದೆ; ಹೊಡೆದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ. ಅವನು ಟ್ಯಾಂಕಿನ ಕಟ್ಟೆ ಹಿಡಿದುಕೊಂಡು ನಿಂತಿದ್ದ. ಆಮೇಲೆ ಕೇಳಿದ.

“ಆಪರೇಸನ್ ಮಾಡಿಸಿದ್ರೆ ನಾನು ಆಡ್ತೀನಿ ಅಂದಿದ್ರಾ?”

“ಹೂಂ.”

“ಮೊದಲಿನಂಗೇ?”

“ಮೊದಲಿನ ಹಂಗ. ವರ್ಷದಾಗ ಅಂದಿದ್ರು.”

ಅವನ ಕೈ ತಾನಾಗಿಯೇ ಮೊಣಕಾಲಿಗೆ ಹೋಯಿತು.

“ಮತ್ತೆ ಕಟ್ಟು ಸಡಿಲ ಮಾಡಿದ್ದಕ್ಕೆ ಅಲ್ವಾ?”

“ಅಲ್ಲ.”

“ಅಲ್ವಾ” ಎಂದು ಇನ್ನೊಮ್ಮೆ ತನಗೆ ತಾನೇ ಹೇಳಿಕೊಂಡ. ಕ್ಷಮಿಸು ಎನ್ನಬೇಕೆಂದುಕೊಂಡೆ. ಆ ಮುಖಕ್ಕೆ ಅದನ್ನು ಹೇಳುವುದು — ಇಲ್ಲ, ಆಗಲಿಲ್ಲ. ಅವನು ಅಂಗಿಯ ತುದಿಯಿಂದ ಮುಖ ಒರೆಸಿಕೊಂಡು, ಬಿಗಿದುಕೊಂಡ ಕಾಲನ್ನು ಎಳೆಯುತ್ತ ಡಾಕ್ಟರ ಕೋಣೆಯ ಕಡೆ ಹೊರಟ. ನಾನು ಹಿಂದೆ ಹೋದೆ. ಬಾಗಿಲಲ್ಲಿ ನಿಂತು ಹೇಳಿದ, ನನ್ನನ್ನು ನೋಡದೆ:

“ಇನ್ನೊಂದ್ ಸಲ ಕೇಳ್ಬೇಕು ಡಾಕ್ಟ್ರಮ್ಮನ್ನ. ನೀನ್ ಬ್ಯಾಡ.”

ಕೇಂದ್ರದ ನರ್ಸ್ ಮುಮ್ತಾಜ್ ಅವರನ್ನು ಒಳಗೆ ಕರೆದ. ಅವರ ಮನೆಮಾತು ಉರ್ದು, ಡಾಕ್ಟರ ಹಿಂದಿ ಅವರಿಗೆ ನೀರು ಕುಡಿದಷ್ಟು ಸುಲಭ. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಎಲ್ಲವೂ ಕೇಳಿಸುತ್ತಿತ್ತು. ಡಾಕ್ಟರು ಬೇಸರವಿಲ್ಲದೆ ಮೊದಲಿನಿಂದ ಹೇಳಿದರು. ನಾನು ಹೇಳಿದ್ದನ್ನೇ ಮುಮ್ತಾಜ್ ಒಂದೊಂದಾಗಿ ಹೇಳುತ್ತ ಬಂದರು — ಹರಿದದ್ದು, ಆಪರೇಶನ್, ಆಡಿದರೆ ಹೋಗುವುದು. ಲಾವಣ್ಯ ಮತ್ತೆ ಅಳಲು ಶುರು ಮಾಡಿದಳು. ಆಗ ಡಾಕ್ಟರು ಒಂಬತ್ತು ತಿಂಗಳು ಎಂದದ್ದು ನನ್ನ ಕಿವಿಗೆ ಸ್ಪಷ್ಟವಾಗಿ ಬಿತ್ತು. ಮುಮ್ತಾಜ್ ಹುಡುಗಿಯ ತಲೆ ಸವರಿದರೇನೋ, ಬಳೆಯ ಸದ್ದಾಯಿತು.

“ಅಳಬ್ಯಾಡವ್ವಾ. ಒಂದೀಟು ತಿಂಗಳಷ್ಟ. ಆಮ್ಯಾಲೆ ಆಡೀಯಂತ.”

ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಆ ಮನಸ್ಸು ನನಗೆ ಚೆನ್ನಾಗಿ ಗೊತ್ತು. ಆದರೆ ಒಂದೀಟು ತಿಂಗಳು ಎಂದರೆ ಓಬಳೇಶ ಮೂರು ಎಂದುಕೊಳ್ಳುತ್ತಾನೆ, ಹುಡುಗಿ ಎರಡು ಎಂದುಕೊಳ್ಳುತ್ತಾಳೆ. ನೀನು ಬೇಡ ಎಂದಿದ್ದಾನೆ. ನಾನು ಬಾಯಿ ಹಾಕಿದರೆ ಒಳಗೆ ಕೇಳಿದ ನಿಜವೂ ಕೆಡುತ್ತದೆ. ಬಾಯಿ ಹಾಕದಿದ್ದರೆ — ತಲೆಯಾಡಿಸಿಕೊಂಡು ಕೂತ ಆ ಇಪ್ಪತ್ತು ವರ್ಷ ಮತ್ತೆ ಶುರುವಾಗುತ್ತದೆ. ಎದ್ದೆ. ಬಾಗಿಲು ತಳ್ಳಿದೆ.

“ಒಂಬತ್ತು ತಿಂಗಳು ಅಂದ್ರು” ಎಂದೆ. “ಒಂದೀಟು ಅಲ್ಲ. ಒಂಬತ್ತು.”

ಮುಮ್ತಾಜ್ ತಬ್ಬಿಬ್ಬಾಗಿ ನನ್ನನ್ನು ನೋಡಿದರು. ಲಾವಣ್ಯ ಅಳುವುದು ನಿಲ್ಲಿಸಿ ಅಪ್ಪನನ್ನೂ ನನ್ನನ್ನೂ ನೋಡಿದಳು. ಓಬಳೇಶ ತಿರುಗಲಿಲ್ಲ. ನನ್ನ ಮಾತು ಕೇಳಿಸಿಯೇ ಇಲ್ಲವೆಂಬಂತೆ ಮುಮ್ತಾಜ್ ಅವರಿಗೆ ಹೇಳಿದ:

“ಹೌದೇನಮ್ಮಾ? ಅವ್ರುನ್ನೇ ಕೇಳಿ ಯೋಳಮ್ಮಾ.”

ಅವರು ಕೇಳಿದರು. ಡಾಕ್ಟರು ಈ ಸಲ ಬಾಯಲ್ಲಿ ಹೇಳಲಿಲ್ಲ. ಎರಡೂ ಕೈ ಮೇಲೆತ್ತಿ, ಒಂದು ಹೆಬ್ಬೆರಳನ್ನು ಮಡಿಸಿ, ಉಳಿದ ಬೆರಳುಗಳನ್ನು ಓಬಳೇಶನ ಮುಖದ ಮುಂದೆ ಹಿಡಿದರು. ಅವನು ಆ ಬೆರಳುಗಳನ್ನು ಒಂದೊಂದಾಗಿ ಎಣಿಸಿದ. 

ನಾನು ಬಾಗಿಲು ಎಳೆದುಕೊಂಡು ಬಂದು ಬೆಂಚಿನ ಮೇಲೆ ಕೂತೆ. ಒಳಗೆ ಅವನು ಇನ್ನೂ ಏನೇನೋ ಕೇಳುತ್ತಿದ್ದ, ಮುಮ್ತಾಜ್ ಹೇಳುತ್ತಿದ್ದರು. ನನ್ನನ್ನು ಯಾರೂ ಕರೆಯಲಿಲ್ಲ.